ಪೆಟ್ಟಿಗೆಯ ಮೇಲೆ ನಾಲ್ಕು ‘ಸ್ಟೀಲ್’: ಒಂದು ಚಾಕು ಸೆಟ್‌ನ ವಿಮರ್ಶೆ

ಎಂಟು ತಿಂಗಳ ಹಿಂದೆ ನಾನು ಕೊಂಡ ಚಾಕು ಸೆಟ್‌ನ ಪೆಟ್ಟಿಗೆಯ ಮೇಲೆ ‘ಸ್ಟೀಲ್’ ಎಂಬ ಪದ ನಾಲ್ಕು ಕಡೆ ಅಚ್ಚಾಗಿದೆ. ದೊಡ್ಡ ಚಾಕುವಿಗೆ ‘ಡಮಾಸ್ಕಸ್ ಸ್ಟೀಲ್’, ನಡುವಿನದಕ್ಕೆ ‘ಹೈ ಕಾರ್ಬನ್ ಸ್ಟೀಲ್’, ಚಿಕ್ಕದಕ್ಕೆ ‘ಸ್ಟೇನ್‌ಲೆಸ್ ಸ್ಟೀಲ್’, ಜೊತೆಗಿರುವ ಹಿಡಿಯುಳ್ಳ ದುಂಡು ಸಲಾಕೆಗೆ ಬರೀ ‘ಸ್ಟೀಲ್’. ಒಂದೇ ಪದವನ್ನು ನಾಲ್ಕು ಅರ್ಥಗಳಲ್ಲಿ ಬಳಸಿದ್ದರೂ ಆ ವ್ಯತ್ಯಾಸವನ್ನು ಪೆಟ್ಟಿಗೆಯಾಗಲಿ, ಒಳಗಿನ ಕೈಪಿಡಿಯಾಗಲಿ ಎಲ್ಲಿಯೂ ವಿವರಿಸುವುದಿಲ್ಲ. ಈ ಸೆಟ್ ಬಗ್ಗೆ ನನಗಿರುವ ಮೆಚ್ಚುಗೆಯೂ ಬೇಸರವೂ ಈ ಒಂದು ಪದಕ್ಕೇ ಅಂಟಿಕೊಂಡಿರುವುದರಿಂದ ವಿಮರ್ಶೆಯನ್ನೂ ಅದರ ಜಾಡಿನಲ್ಲೇ ಬರೆಯುತ್ತಿದ್ದೇನೆ.

ನಮ್ಮ ಆಡುಮಾತಿನಲ್ಲಿ ಉಕ್ಕು ಮತ್ತು ಸ್ಟೀಲ್ ಒಂದೇ ಅಲ್ಲ. ಕಾರ್ಖಾನೆಯ, ಸೇತುವೆಯ ಮಾತು ಬಂದಾಗ ಉಕ್ಕು ಎನ್ನುತ್ತೇವೆ. ಲೋಟ, ಡಬ್ಬಿ, ಪಾತ್ರೆಗಳ ಮಾತು ಬಂದಾಗ ಸ್ಟೀಲ್ ಎನ್ನುತ್ತೇವೆ. ಹೀಗಾಗಿ ಕನ್ನಡದ ಕಿವಿಗೆ ಸ್ಟೀಲ್ ಎಂದರೆ ತುಕ್ಕು ಹಿಡಿಯದ, ಬೆಳ್ಳಗೆ ಹೊಳೆಯುವ ಲೋಹವೆಂಬ ಅರ್ಥವೇ ಗಟ್ಟಿಯಾಗಿಬಿಟ್ಟಿದೆ. ನಾನೂ ಅದೇ ಎಣಿಕೆಯಲ್ಲಿ ನಡುವಿನ ಚಾಕುವನ್ನು ಮೊದಲ ರಾತ್ರಿ ತೊಳೆದು, ಒರೆಸದೆ, ಹಾಗೆಯೇ ಇಟ್ಟೆ. ಬೆಳಿಗ್ಗೆ ನೋಡಿದರೆ ಅಲಗಿನ ಉದ್ದಕ್ಕೂ ಕಿತ್ತಳೆ ಬಣ್ಣದ ಸಣ್ಣ ಸಣ್ಣ ಚುಕ್ಕೆಗಳೆದ್ದಿದ್ದವು. ಹಿಡಿಯ ಬುಡದಲ್ಲಿ ನೀರು ನಿಂತಿದ್ದ ಜಾಗದಲ್ಲಿ ಉಗುರಿನಷ್ಟು ಅಗಲದ ಕಲೆ ಕೂತಿತ್ತು. ಕಲೆಯನ್ನು ಉಜ್ಜಿ ತೆಗೆದರೂ ಅಲ್ಲಿ ಉಳಿದ ಒರಟು ಇಂದಿಗೂ ಬೆರಳಿಗೆ ತಾಗುತ್ತದೆ.

ಇದು ಲೋಹದ ತಪ್ಪಲ್ಲ. ಕಬ್ಬಿಣಕ್ಕೆ ಅಲ್ಪ ಪ್ರಮಾಣದ ಇಂಗಾಲ ಸೇರಿದರೆ ಉಕ್ಕಾಗುತ್ತದೆ. ಇಂಗಾಲದ ಪಾಲು ಶೇ. 2ರ ಆಸುಪಾಸನ್ನು ದಾಟಿದರೆ ಅದು ಎರಕದ ಕಬ್ಬಿಣ ಎನಿಸಿಕೊಳ್ಳುತ್ತದೆ. ತುಕ್ಕು ತಡೆಯುವ ಗುಣ ಈ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ. ಅದು ಬರುವುದು ಕ್ರೋಮಿಯಂನಿಂದ. ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇದ್ದಾಗ ಮಾತ್ರ ಲೋಹದ ಮೇಲೆ ಕಣ್ಣಿಗೆ ಕಾಣದ ಆಕ್ಸೈಡ್ ಪೊರೆಯೊಂದು ತಾನಾಗಿ ಕಟ್ಟಿಕೊಂಡು, ಗೀರು ಬಿದ್ದರೂ ಮತ್ತೆ ಕೂಡಿಕೊಳ್ಳುತ್ತ ಒಳಗಿನ ಕಬ್ಬಿಣವನ್ನು ಕಾಯುತ್ತದೆ. ಇಂಗ್ಲೆಂಡಿನ ಷೆಫೀಲ್ಡ್‌ನ ಲೋಹತಜ್ಞ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಇಂಥ ಲೋಹವನ್ನು ಎರಕ ಹೊಯ್ದದ್ದು ಬಂದೂಕಿನ ನಳಿಗೆ ಬೇಗ ಸವೆಯುವುದನ್ನು ತಪ್ಪಿಸುವ ಪ್ರಯತ್ನದಲ್ಲಿ. ಆದರೆ ಅದಕ್ಕೆ ಹೆಸರು ತಂದುಕೊಟ್ಟದ್ದು ಚಾಕು. ಬ್ರಿಯರ್ಲಿ ಅದನ್ನು ‘ತುಕ್ಕಿಲ್ಲದ ಉಕ್ಕು’ ಎಂದು ಕರೆಯುತ್ತಿದ್ದರು. ಚಾಕು ತಯಾರಿಕೆಯ ಅರ್ನೆಸ್ಟ್ ಸ್ಟುವರ್ಟ್ ಅದನ್ನು ವಿನೆಗರ್‌ನಲ್ಲಿ ಪರೀಕ್ಷಿಸಿ ಸ್ಟೇನ್‌ಲೆಸ್, ಅಂದರೆ ಕಲೆಯಿಲ್ಲದ್ದು, ಎಂದರು. ನಾವು ಉಳಿಸಿಕೊಂಡ ಸ್ಟೀಲ್ ಎಂಬುದು ಆ ಜೋಡಿಪದದ ಬಾಲ ಮಾತ್ರ. ಕಾಪಾಡುವ ಅರ್ಥವೆಲ್ಲ ಇದ್ದದ್ದು ನಾವು ಬಿಟ್ಟುಬಿಟ್ಟ ತಲೆಯಲ್ಲಿ. ಇಷ್ಟನ್ನು ತಿಳಿಯದ ಗ್ರಾಹಕನಿಗೆ ‘ತೊಳೆದ ಕೂಡಲೇ ಒರೆಸಿಡಿ’ ಎಂಬ ಒಂದು ಸಾಲನ್ನು ಕೈಪಿಡಿ ಹೇಳಬೇಕಿತ್ತು, ಹೇಳಿಲ್ಲ.

ಆದರೂ ಸೆಟ್‌ನಲ್ಲಿ ನಾನು ಅತಿ ಹೆಚ್ಚು ಬಳಸುವುದು ತುಕ್ಕು ಹಿಡಿದ ಈ ನಡುವಿನ ಚಾಕುವನ್ನೇ. ಇದರ ಯೋಗ್ಯತೆಯನ್ನು ಅಳೆಯಲು ನನಗೆ ಸರಿಯಾದ ಅಳತೆಗೋಲು ಸಿಕ್ಕಿದ್ದು ಪದದ ಮೂಲದಲ್ಲಿ. ಇಂಗ್ಲಿಷಿನ ಸ್ಟೀಲ್, ಜರ್ಮನ್ನಿನ ಶ್ಟಾಲ್, ಡಚ್ಚಿನ ಸ್ಟಾಲ್ ಇವೆಲ್ಲ ಒಂದೇ ಜರ್ಮಾನಿಕ್ ಬೇರಿನವು. ಅದರ ಹಿಂದಿರುವ ಮೂಲ ಕ್ರಿಯಾಪದಕ್ಕೆ ‘ಅಲುಗಾಡದೆ ನಿಲ್ಲು, ದೃಢವಾಗಿರು’ ಎಂದರ್ಥ. ಪ್ರಾಚೀನ ಇರಾನಿನ ಅವೆಸ್ತಾ ಭಾಷೆಯಲ್ಲಿ ದೃಢ ಎಂಬರ್ಥದ ‘ಸ್ತಖ್ರ’ ಇದರ ದಾಯಾದಿ. ಫ್ರೆಂಚಿನ ‘ಆಸಿಯೆ’ಯಾದರೋ ಅಲಗಿನ ಅಂಚು ಎಂಬರ್ಥದ ಲ್ಯಾಟಿನ್ನಿನ ‘ಅಕಿಯೇಸ್’ನಿಂದ ಬಂದದ್ದು. ಜಪಾನೀ ಭಾಷೆಯ ‘ಹಗಾನೆ’ಯೂ ಬಿಡಿಸಿ ನೋಡಿದರೆ ಅಲಗಿನ ಲೋಹವೇ. ಒಂದು ಕಡೆಯವರು ಇದನ್ನು ಬಾಗದೆ ನಿಲ್ಲುವ ಗುಣದಿಂದ ಗುರುತಿಸಿದರು, ಇನ್ನೊಂದು ಕಡೆಯವರು ಹರಿತ ತಾಳುವ ಗುಣದಿಂದ. ನಡುವಿನ ಚಾಕು ಈ ಎರಡೂ ಪರೀಕ್ಷೆಗಳಲ್ಲಿ ಗೆಲ್ಲುತ್ತದೆ. ತೆಳ್ಳನೆಯ ಕಾಗದವನ್ನು ಎತ್ತಿ ಹಿಡಿದು ಅಲಗನ್ನು ಮೇಲಿಟ್ಟು ಕೆಳಗೆಳೆದರೆ ಸದ್ದಿಲ್ಲದೆ ಸೀಳಿಕೊಂಡು ಬರುತ್ತದೆ. ತಿಂಗಳಿಗೊಮ್ಮೆ ಸಾಣೆಕಲ್ಲಿಗೆ ಹಿಡಿದರೆ ಸಾಕಾಗುತ್ತದೆ. ಹುಳಿ ಪದಾರ್ಥ ತಾಗಿದಲ್ಲೆಲ್ಲ ಅಲಗು ಬೂದು ಮಿಶ್ರಿತ ನೀಲಿಗೆ ತಿರುಗಿದೆ. ಈ ಬಣ್ಣವನ್ನು ಉಜ್ಜಿ ತೆಗೆಯಬಾರದು. ಅದು ತುಕ್ಕಲ್ಲ, ತುಕ್ಕನ್ನು ತಕ್ಕಮಟ್ಟಿಗೆ ದೂರವಿಡುವ ಪದರ.

ನನ್ನ ಮುಖ್ಯ ತಕರಾರು ಇರುವುದು ದೊಡ್ಡ ಚಾಕುವಿನ ಹೆಸರಿನ ಬಗ್ಗೆ. ಡಮಾಸ್ಕಸ್ ಉಕ್ಕು ಎಂದು ಚರಿತ್ರೆಯಲ್ಲಿ ಹೆಸರಾದ ಖಡ್ಗಗಳನ್ನು ಮಾಡಿದ್ದು ಮೂಸೆಯಲ್ಲಿ ಕರಗಿಸಿ ತೆಗೆದ, ಸುಮಾರು ಶೇ. 1.5ರಷ್ಟು ಇಂಗಾಲವಿರುವ ಉಕ್ಕಿನಿಂದ. ದಕ್ಷಿಣ ಭಾರತ ಈ ಉಕ್ಕಿಗೆ ಹೆಸರುವಾಸಿಯಾಗಿತ್ತು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ಕೆಲಸವನ್ನು ವಿವರವಾಗಿ ಬರೆದಿಟ್ಟಿದ್ದಾರೆ: ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಅದರೊಂದಿಗೆ ತಂಗಡಿ ಗಿಡದ ಕಡ್ಡಿ ಮತ್ತು ಹಸಿ ಎಲೆ, ಬಾಯಿ ಮುಚ್ಚಿ ಕುಲುಮೆಯಲ್ಲಿ ಕಾಯಿಸಿದಾಗ ಕಡ್ಡಿ ಮತ್ತು ಎಲೆಗಳ ಇಂಗಾಲ ಕಬ್ಬಿಣದೊಳಗೆ ಇಳಿಯುತ್ತಿತ್ತು. ಇಂಥ ಉಕ್ಕಿನ ಗಟ್ಟಿಗಳನ್ನು ಕಂಪನಿಯ ಇನ್ನೊಬ್ಬ ವೈದ್ಯ ಹೆಲೆನಸ್ ಸ್ಕಾಟ್ ಅದಕ್ಕೂ ಮೊದಲೇ ಮುಂಬಯಿಯಿಂದ ಲಂಡನ್ನಿಗೆ ಕಳುಹಿಸಿದರು. ವೈದ್ಯ ಜಾರ್ಜ್ ಪಿಯರ್ಸನ್ 1795ರಲ್ಲಿ ಅಲ್ಲಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಮುಂದೆ ಅದರ ವಿಶ್ಲೇಷಣೆಯನ್ನು ಮಂಡಿಸಿದಾಗ ಅದರ ಹೆಸರು ‘ವೂಟ್ಜ್’ ಎಂದಾಗಿತ್ತು. ಈ ವಿಚಿತ್ರ ಪದ ಬೇರೇನೂ ಅಲ್ಲ, ನಮ್ಮ ಉಕ್ಕು. ಪದದ ಆದಿಯ ಉಕಾರವನ್ನು ನಾವು ‘ವುಕ್ಕು’ ಎಂಬಂತೆ ಉಚ್ಚರಿಸುವುದನ್ನು ಕೇಳಿದವರು ‘ವೂಕ್’ ಎಂದು ಬರೆದುಕೊಂಡು, ಮುಂದೆ ಬರಹದ ಇಲ್ಲವೇ ಅಚ್ಚಿನ ತಪ್ಪಿನಿಂದ ಅದು ವೂಟ್ಜ್ ಆಗಿರಬೇಕೆಂದು ನಿಘಂಟುಕಾರರು ಹೇಳುತ್ತಾರೆ. ಉಕ್ಕು ಎಂಬುದನ್ನು ಕರಗು ಎಂಬರ್ಥದ ‘ಉರುಕು’ವಿನೊಂದಿಗೆ ದ್ರಾವಿಡ ಭಾಷಾ ವಿದ್ವಾಂಸರು ಸೇರಿಸುತ್ತಾರೆ, ತಮಿಳಿನಲ್ಲಿ ‘ಉರುಕ್ಕು’ ಎಂದರೆ ಕರಗಿಸಿದ್ದು ಎಂದೂ ಉಕ್ಕು ಎಂದೂ ಆಗುತ್ತದೆ. ಬೇರೆಯವರು ಈ ಲೋಹಕ್ಕೆ ಅದರ ಗುಣ ನೋಡಿ ಹೆಸರಿಟ್ಟರೆ ನಮ್ಮವರು ಅದು ಹುಟ್ಟಿದ ಬಗೆಯನ್ನೇ ಹೆಸರಾಗಿಸಿದರು ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ಪಿಯರ್ಸನ್ ಅವರ ಪರೀಕ್ಷೆಗಾಗಿ ಆ ಉಕ್ಕಿನಿಂದ ಪುಟ್ಟ ಚಾಕುವೊಂದನ್ನು ಬಡಿದು ಮಾಡಿಕೊಟ್ಟ ಚಾಕು ತಯಾರಕ ಜೇಮ್ಸ್ ಸ್ಟೋಡಾರ್ಟ್, ಮುಂದೆ ವಿಜ್ಞಾನಿ ಮೈಕೆಲ್ ಫ್ಯಾರಡೆಯವರ ಜೊತೆಗೂಡಿ ಉಕ್ಕಿನ ಮಿಶ್ರಲೋಹಗಳ ಬಗ್ಗೆ 1820ರಲ್ಲಿ ಬರಹ ಪ್ರಕಟಿಸಿದರು.

ಆ ಖಡ್ಗಗಳ ಮೈಮೇಲಿನ ಅಲೆಯಂಥ ರೇಖೆಗಳು ಉಕ್ಕಿನ ಒಳಗೇ ಸಾಲುಗಟ್ಟಿದ ಕಾರ್ಬೈಡ್ (ಇಂಗಾಲ ಲೋಹದೊಂದಿಗೆ ಕೂಡಿದ ಸಂಯುಕ್ತ) ಕಣಗಳಿಂದ ಮೂಡಿದವು. ನನ್ನ ದೊಡ್ಡ ಚಾಕುವಿನ ಅಲೆಗಳು ಹಾಗಲ್ಲ. ಎರಡು ಬಗೆಯ ಲೋಹದ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಬೆಸೆದು, ಆಮ್ಲದಲ್ಲಿ ಅದ್ದಿದಾಗ ಒಂದು ಪದರ ಕಪ್ಪಾಗಿ ಇನ್ನೊಂದು ಹೊಳಪಾಗಿ ಉಳಿದು ಬಂದ ಚಿತ್ತಾರವದು. ಕಿಟಕಿಯ ಬೆಳಕಿನಲ್ಲಿ ಓರೆಯಾಗಿ ಹಿಡಿದರೆ ಇದು ಸ್ಪಷ್ಟವಾಗುತ್ತದೆ: ಅಂಚಿಗಿಂತ ಅರ್ಧ ಬೆರಳಿನಷ್ಟು ಮೇಲೆಯೇ ಚಿತ್ತಾರ ಥಟ್ಟನೆ ನಿಂತುಹೋಗುತ್ತದೆ, ಕತ್ತರಿಸುವ ಅಂಚು ಮಾತ್ರ ಚಿತ್ತಾರವಿಲ್ಲದ ನಡುಪದರದ್ದು. ಕೆಲಸವೆಲ್ಲ ಆ ನಡುಪದರದ್ದೇ, ಮಿಕ್ಕದ್ದು ಹೊದಿಕೆ. ಚಾಕು ಚೆನ್ನಾಗಿಯೇ ಕತ್ತರಿಸುತ್ತದೆ, ತೂಕವೂ ಕೈಗೆ ಒಪ್ಪುತ್ತದೆ, ನೋಡಲಂತೂ ನಿಜವಾಗಿ ಚೆಂದ. ಆದರೆ ಅದನ್ನು ‘ಪದರ ಬೆಸೆದ ಉಕ್ಕು’ ಎಂದು ಕರೆಯಬೇಕಿತ್ತು. ಒಂದು ನಾಡಿನ ಕುಶಲಕರ್ಮಿಗಳ ಮೂಸೆಯ ವಿದ್ಯೆಯಿಂದ ಬಂದ ಕೀರ್ತಿಯನ್ನು ಆಮ್ಲದಲ್ಲಿ ಅದ್ದಿ ತೆಗೆದ ಚಿತ್ತಾರಕ್ಕೆ ಅಂಟಿಸುವುದನ್ನು ನಾನು ಒಪ್ಪಲಾರೆ. ಪಾತ್ರೆ ಉಜ್ಜುವ ಒರಟು ನಾರು ತಾಗಿದ ಕಡೆ ಚಿತ್ತಾರ ಆಗಲೇ ಮಸುಕಾಗಿದೆ.

ಚಿಕ್ಕ ಚಾಕುವಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಗುರವಾಗಿದೆ, ಕಲೆಯಾಗಿಲ್ಲ, ಹರಿತ ಮಾತ್ರ ಬೇಗ ಮಂಕಾಗುತ್ತದೆ. ಅಯಸ್ಕಾಂತ ಅಂಟುತ್ತದೆಂದು ಇದನ್ನು ಕಳಪೆ ಮಾಲೆಂದು ತಿಳಿಯಬೇಡಿ. ಶೇ. 18ರಷ್ಟು ಕ್ರೋಮಿಯಂ ಜೊತೆಗೆ ಶೇ. 8ರಿಂದ 10ರಷ್ಟು ನಿಕಲ್ ಇರುವ ಪಾತ್ರೆಯ ಸ್ಟೀಲ್‌ಗೆ ಸಾಮಾನ್ಯವಾಗಿ ಅಯಸ್ಕಾಂತ ಅಂಟದು. ಆದರೆ ಅದನ್ನು ಕಾಯಿಸಿ ತಣಿಸಿ ಗಡಸುಗೊಳಿಸಲು ಬಾರದ ಕಾರಣ ಚಾಕುವಿನ ಅಲಗಿಗೆ ಬೇರೆ ಜಾತಿಯ ಸ್ಟೇನ್‌ಲೆಸ್ ಬಳಸುತ್ತಾರೆ, ಅದಕ್ಕೆ ಅಯಸ್ಕಾಂತ ಅಂಟಿಯೇ ಅಂಟುತ್ತದೆ.

ಉಳಿದದ್ದು ಸಲಾಕೆ. ಇಂಗ್ಲಿಷಿನಲ್ಲಿ ಸ್ಟೀಲ್ ಎಂಬುದು ಲೋಹದ ಹೆಸರಾಗಿರುವಂತೆ ಈ ಉಪಕರಣದ ಹೆಸರೂ ಹೌದು. ಹಿಂದೆ ಚಕಮಕಿ ಕಲ್ಲಿಗೆ ಹೊಡೆದು ಕಿಡಿ ಹುಟ್ಟಿಸುವ ತುಂಡಿಗೂ, ಕಾವ್ಯದಲ್ಲಿ ಖಡ್ಗಕ್ಕೂ ಅದೇ ಹೆಸರಿತ್ತು. ಕೈಪಿಡಿಯನ್ನು ಕನ್ನಡಕ್ಕೆ ತಂದವರು ಇದನ್ನು ಗಮನಿಸದೆ ‘ಬಳಕೆಗೆ ಮುಂಚೆ ಉಕ್ಕನ್ನು ಉಪಯೋಗಿಸಿ’ ಎಂದು ಬರೆದಿದ್ದಾರೆ. ಯಾವ ಉಕ್ಕು, ಏತಕ್ಕೆ ಎಂದು ತಿಳಿಯದೆ ನಾನು ಮೂರು ವಾರ ಸಲಾಕೆಯನ್ನು ಮುಟ್ಟಲೇ ಇಲ್ಲ. ಅದನ್ನು ನೆಟ್ಟಗೆ ಊರಿ, ಅಲಗನ್ನು ಸುಮಾರು 15ರಿಂದ 20 ಡಿಗ್ರಿ ಓರೆಯಲ್ಲಿ, ಒತ್ತಡ ಹಾಕದೆ ಎರಡೂ ಬದಿಗೆ ನಾಲ್ಕೈದು ಬಾರಿ ಸವರಿದರೆ ಸಾಕು. ಸಲಾಕೆಯು ಸಾಣೆಕಲ್ಲಿನಂತೆ ಲೋಹವನ್ನು ಹೆಚ್ಚು ತೇಯುವುದಿಲ್ಲ, ಮಡಿಚಿದ ಅಂಚನ್ನು ನೆಟ್ಟಗೆ ನಿಲ್ಲಿಸುತ್ತದೆ. ಚಿಕ್ಕ ಚಾಕುವಿಗೆ ಇದರಿಂದ ತುಂಬ ಉಪಯೋಗವಾಯಿತು.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ನಡುವಿನ ಚಾಕು ಮತ್ತು ಸಲಾಕೆ ಬಿಡಿಯಾಗಿಯೂ ಸಿಗುತ್ತವೆ. ಒರೆಸಿ, ತೆಳುವಾಗಿ ಎಣ್ಣೆ ಸವರಿ ಇಡುವ ತಾಳ್ಮೆಯಿರುವವರು ಆ ಎರಡನ್ನೇ ಕೊಳ್ಳಲಿ. ತಯಾರಕರು ಮುಂದಿನ ಪೆಟ್ಟಿಗೆಯ ಮೇಲೆ ಪ್ರತಿ ಅಲಗಿನ ಇಂಗಾಲ, ಕ್ರೋಮಿಯಂಗಳ ಪ್ರಮಾಣವನ್ನೂ ಗಡಸುತನದ ಅಂಕಿಯನ್ನೂ ಅಚ್ಚು ಹಾಕಿಸಲಿ ಎಂದು ಅವರಿಗೆ ಪತ್ರ ಬರೆದಿದ್ದೇನೆ.