ಜ್ಯಾಂಗೊಗೆ ಆಥರೈಸೇಶನ್ ಸರ್ವರ್: ಟೂಲ್‌ಕಿಟ್, ಆಥ್‌ಲಿಬ್ ಮತ್ತು ಕೀಕ್ಲೋಕ್

ಪೈಥಾನ್ ಭಾಷೆಯ ವೆಬ್ ಚೌಕಟ್ಟಾದ ಜ್ಯಾಂಗೊದಲ್ಲಿ ಬರೆದ ನಮ್ಮ ಅಪ್ಲಿಕೇಶನ್ ಹಲವು ವರ್ಷಗಳಿಂದ ನಡೆಯುತ್ತಿದ್ದು, ಬಳಕೆದಾರರ ಖಾತೆಗಳೆಲ್ಲ ಅದರದೇ ಡೇಟಾಬೇಸಿನಲ್ಲಿವೆ. ಅದಕ್ಕೆ ಒಂದು ಮೊಬೈಲ್ ಆ್ಯಪನ್ನೂ, ಬೇರೊಂದು ತಂಡ ಬರೆದ ವರದಿ ತಯಾರಿಸುವ ತಂತ್ರಾಂಶವನ್ನೂ ಜೋಡಿಸಬೇಕಾಗಿ ಬಂದಾಗ, ಬಳಕೆದಾರರ ಪಾಸ್‌ವರ್ಡ್ ಆ ಎರಡರ ಕೈಗೂ ಸಿಗದೆ ಟೋಕನ್ (ಪ್ರವೇಶ ಚೀಟಿಯಂಥ ಸಂಕೇತ) ಮಾತ್ರ ಸಿಗುವಂಥ ವ್ಯವಸ್ಥೆ, ಅಂದರೆ ಓಆಥ್ 2.0 ಪ್ರಕಾರದ ಆಥರೈಸೇಶನ್ ಸರ್ವರ್, ಬೇಕಾಯಿತು. ಓಆಥ್ 2.0ರ ನಿಯಮಾವಳಿಯಾದ 2012ರ ಆರ್‌ಎಫ್‌ಸಿ 6749ನ್ನು ಓದಿಕೊಂಡು ನಾವೇ ಬರೆಯುವ ಯೋಚನೆಯನ್ನು ಮೊದಲ ದಿನವೇ ಕೈಬಿಟ್ಟೆವು. ಉಳಿದ ಮೂರು ದಾರಿಗಳಾದ ಜ್ಯಾಂಗೊ ಓಆಥ್ ಟೂಲ್‌ಕಿಟ್, ಆಥ್‌ಲಿಬ್ ಮತ್ತು ಕೀಕ್ಲೋಕ್‌ಗಳನ್ನು ಪರೀಕ್ಷಾ ಸರ್ವರಿನಲ್ಲಿ ಒಂದೊಂದಾಗಿ ನಡೆಸಿ ನೋಡಿದೆ.

ಆಥ್‌ಲಿಬ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಸಿದ್ಧ ಸರ್ವರ್ ಅಲ್ಲ, ಸರ್ವರ್ ಕಟ್ಟುವ ಸಾಮಗ್ರಿ. ಕ್ಲೈಂಟ್ (ಟೋಕನ್ ಕೇಳುವ ತಂತ್ರಾಂಶ) ಮತ್ತು ಟೋಕನ್‌ಗಳ ಡೇಟಾಬೇಸ್ ಮಾಡೆಲ್‌ಗಳನ್ನು ನಾವೇ ಬರೆಯಬೇಕು. ಟೋಕನ್‌ಗೆ ಬದಲಾಯಿಸಿಕೊಳ್ಳುವ ತಾತ್ಕಾಲಿಕ ಆಥರೈಸೇಶನ್ ಕೋಡನ್ನು ಉಳಿಸುವ, ಹುಡುಕುವ, ಅಳಿಸುವ ಮೆಥಡ್‌ಗಳನ್ನೂ ನಾವೇ ತುಂಬಬೇಕು. ಕದ್ದ ಕೋಡನ್ನು ಬೇರೆಯವರು ಬಳಸದಂತೆ ತಡೆಯುವ ಪಿಕೆಸಿಇ ಪರಿಶೀಲನೆಯನ್ನು ಸಹ ಗ್ರಾಂಟ್ (ಟೋಕನ್ ಪಡೆಯುವ ವಿಧಾನ) ನೋಂದಾಯಿಸುವಾಗ ನೆನಪಿಟ್ಟು ಸೇರಿಸಬೇಕು, ಮರೆತರೆ ಅದು ಇರುವುದಿಲ್ಲ. ಪ್ರತಿ ಹೆಜ್ಜೆಯ ಮೇಲೂ ಹಿಡಿತ ಬೇಕೆನ್ನುವವರಿಗೆ ಇದು ಒಳ್ಳೆಯ ಕೋಡ್ ಲೈಬ್ರರಿ. ಮೂರು ಜನರ ತಂಡಕ್ಕೆ ಅಷ್ಟು ಹಿಡಿತವೇ ಹೊರೆ.

ಜ್ಯಾಂಗೊ ಓಆಥ್ ಟೂಲ್‌ಕಿಟ್ ಇದಕ್ಕೆ ತದ್ವಿರುದ್ಧ. ಅನುಸ್ಥಾಪಿಸಿ, ಸೆಟ್ಟಿಂಗ್ಸಿನಲ್ಲಿ ಆ್ಯಪ್‌ಗಳ ಪಟ್ಟಿಗೆ ಸೇರಿಸಿ, ಯುಆರ್‌ಎಲ್ ಜೋಡಿಸಿ, ಮೈಗ್ರೇಟ್ ಮಾಡಿದರೆ ಅದೇ ಡೇಟಾಬೇಸಿನಲ್ಲಿ ಟೋಕನ್ ಟೇಬಲ್‌ಗಳು ಬಂದು ಕೂರುತ್ತವೆ. ಲಾಗಿನ್ ಪುಟ ಈಗಾಗಲೇ ಇದ್ದದ್ದೇ. 2.0ನೇ ಆವೃತ್ತಿಯಿಂದ ಪಿಕೆಸಿಇ ತಾನಾಗಿಯೇ ಕಡ್ಡಾಯ. ನನಗೆ ಹೆಚ್ಚು ಹಿಡಿಸಿದ್ದು ಒಪ್ಪಿಗೆ ಪುಟ: ಸ್ಕೋಪ್‌ಗಳ (ಟೋಕನ್ ಕೊಡುವ ಅನುಮತಿಗಳ) ವಿವರಣೆಯನ್ನು ಸೆಟ್ಟಿಂಗ್ಸಿನಲ್ಲಿ ‘ನಿಮ್ಮ ಹೆಸರು ಮತ್ತು ಮೊಬೈಲ್ ಸಂಖ್ಯೆಯನ್ನು ನೋಡುವುದು’ ಎಂದು ಕನ್ನಡದಲ್ಲೇ ಬರೆದರೆ ಪರದೆಯ ಮೇಲೆ ಹಾಗೆಯೇ ಕಾಣುತ್ತದೆ, ಸುತ್ತಲಿನ ಟೆಂಪ್ಲೇಟನ್ನೂ ಬದಲಿಸಿಕೊಳ್ಳಬಹುದು.

ಆದರೆ ಅರ್ಧ ದಿನ ನನ್ನನ್ನು ಕೂರಿಸಿದ್ದೂ ಇದೇ. ವರದಿ ತಂತ್ರಾಂಶಕ್ಕೆಂದು ಕ್ಲೈಂಟ್ ನೋಂದಾಯಿಸಿ, ಉಳಿಸಿದ ಮೇಲೆ ಸೀಕ್ರೆಟನ್ನು (ಕ್ಲೈಂಟಿನ ಪಾಸ್‌ವರ್ಡನ್ನು) ನಕಲಿಸಿ ಆ ತಂಡಕ್ಕೆ ಕಳುಹಿಸಿದೆ. ಟೋಕನ್ ಕೇಳಿದಾಗಲೆಲ್ಲ ‘ಇನ್‌ವ್ಯಾಲಿಡ್ ಕ್ಲೈಂಟ್’ ಎಂಬ ಉತ್ತರವೇ ಬಂತು. ಉಳಿಸಿದ ಕ್ಷಣದಲ್ಲಿ ಸೀಕ್ರೆಟ್ ಹ್ಯಾಶ್ ಆಗುತ್ತದೆ, ಅಂದರೆ ಮೂಲರೂಪಕ್ಕೆ ಮರಳಿಸಲಾಗದ ಸಂಕೇತವಾಗುತ್ತದೆ. ನಾನು ಕಳುಹಿಸಿದ್ದು ‘ಪಿಬಿಕೆಡಿಎಫ್2’ ಎಂದು ಆರಂಭವಾಗುವ ಹ್ಯಾಶನ್ನು. ಮೊದಲೇ ನಕಲಿಸಿಕೊಳ್ಳಿ ಎಂಬ ಸೂಚನೆ ಆ ಖಾನೆಯ ಕೆಳಗೇ ಇತ್ತು, ಓದದೇ ಹೋದವನು ನಾನು.

ಸೂಕ್ಷ್ಮವಾಗಿ ನೋಡಬೇಕಾದದ್ದು ಪೂರ್ವನಿಗದಿತ ಅವಧಿಗಳನ್ನು. ಆಕ್ಸೆಸ್ ಟೋಕನ್ 36000 ಸೆಕೆಂಡ್, ಅಂದರೆ 10 ಗಂಟೆ ಬಾಳುತ್ತದೆ. ಹೊಸ ಆಕ್ಸೆಸ್ ಟೋಕನ್ ಪಡೆಯಲು ಬಳಸುವ ರಿಫ್ರೆಶ್ ಟೋಕನ್‌ಗೆ ನಾವು ಅವಧಿ ಕೊಡದಿದ್ದರೆ ಅದಕ್ಕೆ ಕೊನೆಯೇ ಇಲ್ಲ. ಹಳೆಯ ಟೋಕನ್‌ಗಳನ್ನು ಗುಡಿಸುವ ‘ಕ್ಲಿಯರ್‌ಟೋಕನ್ಸ್’ ಆದೇಶವೂ ಆ ಅವಧಿಯನ್ನೇ ನೆಚ್ಚಿಕೊಂಡಿರುವುದರಿಂದ, ಅದನ್ನು ನಿಗದಿಪಡಿಸದೆ ಗೊತ್ತಾದ ಹೊತ್ತಿಗೆ ಆದೇಶ ಓಡಿಸುವ ಕ್ರಾನ್‌ಗೆ ಹಾಕಿದರೆ ರಿಫ್ರೆಶ್ ಟೋಕನ್‌ಗಳು ಟೇಬಲ್ಲಿನಲ್ಲಿ ಬೆಳೆಯುತ್ತಲೇ ಹೋಗುತ್ತವೆ.

ಕೀಕ್ಲೋಕ್‌ನಲ್ಲಿ ಆಕ್ಸೆಸ್ ಟೋಕನ್ನಿನ ಪೂರ್ವನಿಗದಿತ ಆಯಸ್ಸು 5 ನಿಮಿಷ ಮಾತ್ರ. ಅದು ಸಹಿ ಮಾಡಿದ ಜೆಡಬ್ಲ್ಯೂಟಿ (ಮಾಹಿತಿಯನ್ನು ತನ್ನೊಳಗೇ ಹೊತ್ತ ಟೋಕನ್) ಆದ್ದರಿಂದ ಜ್ಯಾಂಗೊ ಡೇಟಾಬೇಸನ್ನು ಕೇಳದೆ, ಸಾರ್ವಜನಿಕ ಕೀಲಿಯಿಂದಲೇ ಪರಿಶೀಲಿಸಬಹುದು. ಟೂಲ್‌ಕಿಟ್ಟಿನ ಟೋಕನ್ ಬರೀ ಅಕ್ಷರಗಳ ಸರಮಾಲೆಯಾದ್ದರಿಂದ ಪ್ರತಿ ವಿನಂತಿಗೂ ಟೇಬಲ್ ನೋಡಬೇಕು. ತಿರುಗಿಸಿ ನೋಡಿದರೆ, ಟೇಬಲ್ಲಿನಿಂದ ಅಳಿಸಿದ ಟೋಕನ್ ಆ ಕ್ಷಣವೇ ಸಾಯುತ್ತದೆ, ಹೀಗೆ ಪರಿಶೀಲಿಸಿದ ಜೆಡಬ್ಲ್ಯೂಟಿಯಾದರೆ ಉಳಿದ ನಿಮಿಷಗಳನ್ನು ಬದುಕಿಯೇ ತೀರುತ್ತದೆ. ಎರಡು ಹಂತದ ಲಾಗಿನ್, ಎಲ್‌ಡಿಎಪಿ (ಸಂಸ್ಥೆಯ ಬಳಕೆದಾರರ ಡೈರೆಕ್ಟರಿ) ಜೋಡಣೆ, ಹಲವು ಅಪ್ಲಿಕೇಶನ್‌ಗಳಿಗೆ ಒಂದೇ ಲಾಗಿನ್ ಎಲ್ಲವೂ ಕೀಕ್ಲೋಕ್‌ನಲ್ಲಿ ಸಿದ್ಧವಾಗಿವೆ. ಬೆಲೆ ಬೇರೆ ಕಡೆ ತೆರಬೇಕು: ಅದು ಜಾವಾದಲ್ಲಿ ನಡೆಯುವ ಪ್ರತ್ಯೇಕ ಸರ್ವರ್, ಅದಕ್ಕೆ ಬೇರೆ ಡೇಟಾಬೇಸ್, ಬೇರೆ ಬ್ಯಾಕಪ್, ಬೇರೆ ಅಪ್‌ಗ್ರೇಡ್. ಅದನ್ನು ಎನ್‌ಜಿನ್‌ಎಕ್ಸ್ ಎಂಬ ಪ್ರಾಕ್ಸಿ ಸರ್ವರಿನ ಹಿಂದೆ ಇಟ್ಟಾಗ ಪ್ರಾಕ್ಸಿ ಹೆಡರ್‌ಗಳ ಸೆಟ್ಟಿಂಗ್ ನಾನು ತಪ್ಪಿಸಿದ್ದರಿಂದ ಟೋಕನ್ನಿನೊಳಗಿನ ವಿತರಕರ ವಿಳಾಸ ಎಚ್‌ಟಿಟಿಪಿ ಎಂದು ಬಂದು, ಎಚ್‌ಟಿಟಿಪಿಎಸ್ ನಿರೀಕ್ಷಿಸಿದ್ದ ಜ್ಯಾಂಗೊ ಎಲ್ಲವನ್ನೂ ತಿರಸ್ಕರಿಸಿತು. ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಬಳಕೆದಾರರದ್ದು: ನಮ್ಮ ಖಾತೆಗಳನ್ನೆಲ್ಲ ಅಲ್ಲಿಗೆ ಸಾಗಿಸಬೇಕು, ಇಲ್ಲವೇ ನಮ್ಮ ಟೇಬಲ್ ಓದುವ ಪ್ಲಗಿನ್ ಒಂದನ್ನು ಜಾವಾದಲ್ಲಿ ಬರೆಯಬೇಕು. ಪೈಥಾನ್ ಬಿಟ್ಟು ಬೇರೆ ಬಾರದ ನಮಗೆ ಎರಡೂ ದುಬಾರಿ.

ಹಾಗಾಗಿ ಟೂಲ್‌ಕಿಟ್ಟನ್ನೇ ಇಟ್ಟುಕೊಂಡೆವು. ಹೊಸದಾಗಿ ನಾಲ್ಕೈದು ಅಪ್ಲಿಕೇಶನ್ ಕಟ್ಟುತ್ತಿದ್ದು, ಬಳಕೆದಾರರು ಇನ್ನೂ ಎಲ್ಲಿಯೂ ನೆಲೆಯೂರಿಲ್ಲದಿದ್ದರೆ ಎರಡು ಮಾತಿಲ್ಲದೆ ಕೀಕ್ಲೋಕ್ ಹಿಡಿಯುತ್ತಿದ್ದೆ. ಈಗ ನಮ್ಮಲ್ಲಿ ಆಕ್ಸೆಸ್ ಟೋಕನ್ 15 ನಿಮಿಷ, ರಿಫ್ರೆಶ್ ಟೋಕನ್ 30 ದಿನ ಬಾಳುತ್ತವೆ. ಕ್ಲಿಯರ್‌ಟೋಕನ್ಸ್ ಪ್ರತಿ ರಾತ್ರಿ 2 ಗಂಟೆಗೆ ಓಡುತ್ತದೆ. ಮೊಬೈಲ್ ಆ್ಯಪಿಗೆ ಸೀಕ್ರೆಟ್ ಕೊಟ್ಟಿಲ್ಲ, ಪಿಕೆಸಿಇ ಒಂದರ ಮೇಲೆಯೇ ಅದು ನಡೆಯುತ್ತಿದೆ.