ವುಡ್ಸ್ ಬ್ಲೇಡ್, ಶೆಫ್ಲರ್ ಮ್ಯಾಲೆಟ್: ಯಾವುದು ಯಾರ ಕೈಗೆ?

ಗಾಲ್ಫ್ ಆಟಗಾರ ಟೈಗರ್ ವುಡ್ಸ್ ತಮ್ಮ 15 ಮೇಜರ್‌ಗಳಲ್ಲಿ (ಗಾಲ್ಫ್‌ನ ಅತಿ ದೊಡ್ಡ ಟೂರ್ನಿಗಳು) 14ನ್ನು ಗೆದ್ದದ್ದು ಒಂದೇ ಪಟರ್ (ಚೆಂಡನ್ನು ಹೋಲ್‌ಗೆ ಉರುಳಿಸುವ ಕೋಲು) ಹಿಡಿದು: ಸ್ಕಾಟಿ ಕ್ಯಾಮರನ್ ನ್ಯೂಪೋರ್ಟ್ 2, ತೆಳು ತಲೆಯ ಬ್ಲೇಡ್. ಸ್ಕಾಟಿ ಶೆಫ್ಲರ್ 2024ರ ಮಾರ್ಚ್‌ನಲ್ಲಿ ಬ್ಲೇಡ್ ಬಿಟ್ಟು ಟೇಲರ್‌ಮೇಡ್ ಸ್ಪೈಡರ್ ಟೂರ್ ಎಕ್ಸ್ ಎಂಬ ಮ್ಯಾಲೆಟ್ (ದೊಡ್ಡ ತಲೆಯ ಪಟರ್) ಹಿಡಿದರು. ಅದೇ ವಾರ ಆರ್ನಾಲ್ಡ್ ಪಾಮರ್ ಇನ್ವಿಟೇಷನಲ್ ಗೆದ್ದರು, ಮರುತಿಂಗಳು ಮಾಸ್ಟರ್ಸ್ ಕೂಡ. ಈ ಎರಡೂ ಬಗೆಯ ಪಟರ್‌ಗಳನ್ನು 34 ಇಂಚು ಉದ್ದಕ್ಕೆ ತಂದು, ಒಂದೇ ಗ್ರಿಪ್ ಹಾಕಿ, ಒಂದೇ ಚೆಂಡಿನಲ್ಲಿ ಆಡಿ ನೋಡಿದ ಹೋಲಿಕೆ ಇದು. ಗ್ರಿಪ್ ಬೇರೆಯಾದರೆ ತಲೆಯ ಗುಣ ಗೊತ್ತಾಗುವುದೇ ಇಲ್ಲ.

ಪಟರ್ ತಲೆಯ ಮುಖಕ್ಕೆ, ಅಂದರೆ ಚೆಂಡಿಗೆ ತಾಗುವ ಬದಿಗೆ, ತೆಳ್ಳಗೆ ಪೌಡರ್ ಸವರಿದರೆ ಚೆಂಡು ತಾಗಿದ ಗುರುತು ಉಳಿಯುತ್ತದೆ. ನಡುವಿಗೆ ತಾಗಿದಾಗ ಬ್ಲೇಡ್‌ಗೆ ಸಾಟಿಯಿಲ್ಲ: ಸದ್ದು, ಕೈಗೆ ಬರುವ ಕಂಪನ ಎರಡೂ ಚೆಂಡು ಎಲ್ಲಿ ತಾಗಿತೆಂದು ಕರಾರುವಾಕ್ಕಾಗಿ ಹೇಳುತ್ತವೆ. ಇಳಿಜಾರಿನ ಸಣ್ಣ ಪಟ್‌ಗಳಲ್ಲಿ (ಪಟರ್ ಹೊಡೆತಗಳಲ್ಲಿ) ಇದರ ಬೆಲೆ ತಿಳಿಯುತ್ತದೆ. ಆದರೆ ಗುರುತು ಟೋ (ತಲೆಯ ಹೊರತುದಿ) ಕಡೆಗೆ ಒಂದು ಸೆಂಟಿಮೀಟರ್ ಸರಿದರೆ ಸಾಕು, ಬ್ಲೇಡ್‌ನ ಮುಖ ತೆರೆದುಕೊಳ್ಳುತ್ತದೆ. 3 ಮೀಟರ್ ದೂರದಲ್ಲಿ 1 ಡಿಗ್ರಿ ತಪ್ಪೆಂದರೆ ಸುಮಾರು 5 ಸೆಂಟಿಮೀಟರ್. ಹೋಲ್‌ನ ಅಗಲವೇ 10.8 ಸೆಂಟಿಮೀಟರ್. ಅಂದರೆ ನಡುವಿಗೆ ಗುರಿಯಿಟ್ಟ ಚೆಂಡು ಅಂಚಿಗೆ ಹೋಗಿ ನಿಲ್ಲುತ್ತದೆ. ಸ್ಪೈಡರ್‌ನಲ್ಲಿ ತೂಕ ಮೂಲೆಗಳಿಗೂ ಹಿಂದಕ್ಕೂ ಹಂಚಿರುವುದರಿಂದ ತಲೆ ತಿರುಚುವುದು ಕಡಿಮೆ. ಅದೇ ತಪ್ಪು ಹೊಡೆತಕ್ಕೆ ಚೆಂಡು ಗೆರೆ ಬಿಡುವುದಿಲ್ಲ, ತುಸು ಮೊದಲೇ ನಿಲ್ಲುತ್ತದೆ ಅಷ್ಟೆ.

ಉದ್ದದ ಪಟ್‌ಗಳಲ್ಲಿ ಮೊದಮೊದಲು ಮ್ಯಾಲೆಟ್ ಮೋಸ ಮಾಡುತ್ತದೆ. ಬ್ಲೇಡ್ ಆಡಿ ರೂಢಿಯಾದವರು ತಪ್ಪು ಹೊಡೆತದಲ್ಲಿ ಕಳೆದುಹೋಗುವ ದೂರಕ್ಕೆಂದು ಗೊತ್ತಿಲ್ಲದೆಯೇ ಒಂದಿಷ್ಟು ಜೋರು ಸೇರಿಸಿರುತ್ತಾರೆ. ಮ್ಯಾಲೆಟ್‌ನಲ್ಲಿ ಅಷ್ಟು ನಷ್ಟವಾಗದು, ಚೆಂಡು ಹೋಲ್ ದಾಟಿ ಹೋಗುತ್ತದೆ. ಮುಖದಲ್ಲಿ ಕೂರಿಸಿದ ಮೆತ್ತನೆಯ ಇನ್ಸರ್ಟ್ ಸದ್ದನ್ನೂ ನುಂಗುವುದರಿಂದ ಕೈಗೆ ಸುಳಿವು ಸಿಗಲು ಸಮಯ ಹಿಡಿಯುತ್ತದೆ.

ನಿಜವಾದ ವ್ಯತ್ಯಾಸ ಇರುವುದು ಶಾಫ್ಟ್ (ಉದ್ದನೆಯ ದಂಡ) ತಲೆಗೆ ಸೇರುವ ಕುತ್ತಿಗೆಯಲ್ಲಿ, ಅಂಗಡಿಯಲ್ಲಿ ಯಾರೂ ನೋಡದ ಜಾಗದಲ್ಲಿ. ಶಾಫ್ಟನ್ನು ಬೆರಳ ಮೇಲೆ ಅಡ್ಡಲಾಗಿ ತೂಗಿ ನೋಡಿ. ನ್ಯೂಪೋರ್ಟ್ 2ರ ಟೋ ಓರೆಯಾಗಿ ಕೆಳಗಿಳಿಯುತ್ತದೆ. ಮುಖ ಆಕಾಶ ನೋಡುತ್ತ ನಿಂತರೆ ಅದು ಫೇಸ್-ಬ್ಯಾಲೆನ್ಸ್ ಆದ ಪಟರ್. ಕಮಾನಿನಂತೆ ಒಳಗಿಂದ ಒಳಗೆ ಪಟರ್ ತೂಗುವವರು ಫೇಸ್-ಬ್ಯಾಲೆನ್ಸ್ ಮ್ಯಾಲೆಟ್ ಹಿಡಿದರೆ ಮುಖ ಸಮಯಕ್ಕೆ ಮುಚ್ಚದು. ಬಲಗೈ ಆಟಗಾರರ ಚೆಂಡು ಮತ್ತೆ ಮತ್ತೆ ಬಲಕ್ಕೆ ಹೋಗುತ್ತದೆ. ಶೆಫ್ಲರ್ ಆರಿಸಿದ್ದು ಎಲ್-ನೆಕ್ (ಎಲ್ ಆಕಾರದ ಕುತ್ತಿಗೆ) ಇರುವ ಸ್ಪೈಡರ್. ತಲೆ ಬದಲಾಯಿತು, ಟೋ ಇಳಿಯುವ ತೂಗು ಹೆಚ್ಚುಕಡಿಮೆ ಬ್ಲೇಡ್‌ನದೇ ಉಳಿಯಿತು. ಅದೇ ತಲೆ ಬೇರೆ ಕುತ್ತಿಗೆಗಳಲ್ಲೂ ಸಿಗುತ್ತದೆ. ಬಣ್ಣ, ಬ್ರ್ಯಾಂಡ್ ನೋಡಿ ಕೊಂಡವರಿಗೆ ಶೆಫ್ಲರ್ ಅವರ ಪಟರ್ ಸಿಕ್ಕಿರುತ್ತದೆ, ಅದರ ನಡತೆ ಸಿಕ್ಕಿರುವುದಿಲ್ಲ.

ಬೆಂಗಳೂರಿನ ಬರ್ಮುಡಾ ಹುಲ್ಲಿನ ಗ್ರೀನ್‌ಗಳಲ್ಲಿ, (ಹೋಲ್ ಸುತ್ತಲಿನ ನುಣುಪು ಹುಲ್ಲುಹಾಸುಗಳಲ್ಲಿ) ಅದರಲ್ಲೂ ಮಳೆ ಬಿದ್ದ ಮರುದಿನ, ಲಾಫ್ಟ್ (ಮುಖ ಹಿಂದಕ್ಕೆ ವಾಲಿರುವ ಕೋನ) ಕಡೆಗೂ ಗಮನ ಬೇಕು. 3ರಿಂದ 4 ಡಿಗ್ರಿ ಇದ್ದರೆ ಚೆಂಡು ಹುಲ್ಲಿನ ಮೇಲೆ ಎದ್ದು ಉರುಳುತ್ತದೆ. ಕೈಗಳನ್ನು ತೀರಾ ಮುಂದಕ್ಕೆ ಒತ್ತಿ ಹೊಡೆದರೆ ಆ ಲಾಫ್ಟ್ ಸತ್ತು ಚೆಂಡು ಹುಲ್ಲಿಗೆ ನಾಟಿ ಪುಟಿಯುತ್ತದೆ. ಇದರಲ್ಲಿ ಎರಡೂ ಪಟರ್‌ಗಳು ಒಂದೇ.

ಕ್ಲಬ್ ಮಟ್ಟದಲ್ಲಿ ವಾರಕ್ಕೊಂದು ಸುತ್ತು ಆಡುವವರಿಗೆ ಎಲ್-ನೆಕ್ ಮ್ಯಾಲೆಟ್ಟೇ ಸರಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಪೌಡರ್ ಗುರುತುಗಳು ಒಂದು ರೂಪಾಯಿ ನಾಣ್ಯದೊಳಗೆ ಕೂಡಿಬೀಳುವವರು ಮಾತ್ರ ಬ್ಲೇಡ್ ಹಿಡಿಯಲಿ. ದೂರದ ಹಿಡಿತದಲ್ಲಿ ಅದು ಅವರಿಗೆ ಹೆಚ್ಚು ಕೊಡುತ್ತದೆ. ಯಾವುದನ್ನೇ ಕೊಂಡರೂ ಉದ್ದ ಕತ್ತರಿಸುವ ಮುನ್ನ ಒಂದು ಮಾತು ಕೇಳಿ: 35 ಇಂಚಿನದನ್ನು 34ಕ್ಕೆ ಇಳಿಸಿದರೆ ತಲೆ ಹಗುರವೆನಿಸಿ ಕೈ ಅವಸರ ಮಾಡುತ್ತದೆ. ತಳದ ಸ್ಕ್ರೂ ತೂಕಗಳನ್ನು ಭಾರದವಕ್ಕೆ ಬದಲಿಸಿಕೊಡುವಂತೆ ಅದೇ ದಿನ ಅಂಗಡಿಯಲ್ಲಿ ಹೇಳಿ.