ಪ್ರವಾಸಿ ಇ-ಸಿಮ್: ಕೆಲವು ವರ್ಷ ಬಳಸಿದ ಮೇಲೆ

ವಿದೇಶಕ್ಕೆ ಹೊರಟಾಗ ನಮ್ಮ ಮೊಬೈಲ್ ಸಂಖ್ಯೆಯನ್ನೂ ಅಲ್ಲಿ ಬಳಸುವ ಇಂಟರ್ನೆಟ್ಟನ್ನೂ ಬೇರ್ಪಡಿಸಿ ನೋಡಬೇಕು. ಎರಡನ್ನೂ ಒಂದೇ ಕಂಪನಿಯಿಂದ ಪಡೆಯಲು ಹೋದರೆ ಖರ್ಚು ಏರುತ್ತದೆ. ನಾನು ಊರಿನ ಸಿಮ್ಮನ್ನು ಒಟಿಪಿಗೆಂದು ಫೋನಿನಲ್ಲೇ ಉಳಿಸಿಕೊಂಡು, ಇಂಟರ್ನೆಟ್ಟಿಗೆ ಮಾತ್ರ ಪ್ರವಾಸಿ ಇ-ಸಿಮ್, ಅಂದರೆ ಕಾರ್ಡ್ ಇಲ್ಲದೆ ಫೋನಿಗೇ ಇಳಿಸಿಕೊಳ್ಳುವ ಸಿಮ್, ಕೊಳ್ಳುತ್ತೇನೆ. ಕೆಲವು ವರ್ಷಗಳಿಂದ ಇದೇ ಕ್ರಮ ನಡೆದುಬಂದಿದೆ, ಬದಲಿಸುವ ಯೋಚನೆ ಇಲ್ಲ.

ಮಗ ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾನೆ. ನಾನೂ ನನ್ನ ಹೆಂಡತಿಯೂ ಮೈಸೂರಿನಿಂದ ಆಗಾಗ ಹೋಗಿ ಕೆಲವು ವಾರ ಇದ್ದು ಬರುತ್ತೇವೆ. ನಾನು ಬೆಲೆ ಹೋಲಿಸಿದಾಗ ಭಾರತದ ಕಂಪನಿಗಳ ಹತ್ತು ದಿನದ ರೋಮಿಂಗ್ ಪ್ಯಾಕ್ ಮೂರು ಸಾವಿರ ರೂಪಾಯಿಯ ಆಸುಪಾಸಿನಲ್ಲಿತ್ತು. ಯುರೋಪಿನ ಹಲವು ದೇಶಗಳಲ್ಲಿ ನಡೆಯುವ, ಮೂವತ್ತು ದಿನದ ಹತ್ತು ಜಿಬಿ ಇ-ಸಿಮ್ ಸುಮಾರು ಎರಡು ಸಾವಿರಕ್ಕೆ ಸಿಕ್ಕಿತು. ನಾಲ್ಕೈದು ದಿನದ ಕಚೇರಿ ಕೆಲಸಕ್ಕೆ ಹೋಗುವವರಿಗೆ, ಊರಿನ ಸಂಖ್ಯೆಯಿಂದಲೇ ಕರೆ ಮಾಡಬೇಕಾದವರಿಗೆ ರೋಮಿಂಗ್ ಪ್ಯಾಕೇ ಅನುಕೂಲ. ನಮ್ಮಂತೆ ವಾರಗಟ್ಟಲೆ ಇರುವವರಿಗೆ ಅದು ದುಬಾರಿ.

ಇ-ಸಿಮ್ ಎಂದರೆ ಫೋನಿನೊಳಗೇ ಇರುವ ಚಿಪ್. ಆ್ಯಪ್‌ನಲ್ಲಿ ಹಣ ಕಟ್ಟಿದರೆ ಕ್ಯೂಆರ್ ಕೋಡ್ ಬರುತ್ತದೆ, ಅದನ್ನು ಸ್ಕ್ಯಾನ್ ಮಾಡಿದಾಗ ಸಿಮ್ಮಿನ ವಿವರ ಫೋನಿಗೆ ಇಳಿಯುತ್ತದೆ. ಇಳಿಸಿಕೊಳ್ಳಲು ಇಂಟರ್ನೆಟ್ ಬೇಕಾದ್ದರಿಂದ ಈ ಕೆಲಸವನ್ನು ಮನೆಯ ವೈಫೈನಲ್ಲೇ ಮುಗಿಸಬೇಕು. ಹೆಚ್ಚಿನ ಪ್ಲಾನ್‌ಗಳ ಅವಧಿ ಆ ದೇಶದ ನೆಟ್‌ವರ್ಕ್ ಸಿಕ್ಕಿದ ಗಳಿಗೆಯಿಂದ ಶುರುವಾಗುತ್ತದೆ, ಕೆಲವದು ಇಳಿಸಿಕೊಂಡ ದಿನದಿಂದಲೇ. ಕೊಳ್ಳುವ ಮೊದಲು ಆ ಒಂದು ಸಾಲನ್ನು ಹುಡುಕಿ ಓದಿ. ನಿಮ್ಮ ಫೋನಿನಲ್ಲಿ ಈ ಸೌಲಭ್ಯ ಇದೆಯೇ ಎಂದು ತಿಳಿಯಲು *#06# ಒತ್ತಿ ನೋಡಿ, ಇಐಡಿ ಎಂಬ ಉದ್ದನೆಯ ಸಂಖ್ಯೆ ಕಂಡರೆ ಇದೆ. ಅಲ್ಲಿಗೆ ಹೋದ ಮೇಲೆ ಇ-ಸಿಮ್ ಕೈಕೊಟ್ಟರೂ ಅವಸರದಲ್ಲಿ ಅಳಿಸಬೇಡಿ. ಒಮ್ಮೆ ಬಳಸಿದ ಕ್ಯೂಆರ್ ಕೋಡ್ ಸಾಮಾನ್ಯವಾಗಿ ಎರಡನೆಯ ಸಲ ನಡೆಯುವುದಿಲ್ಲ.

ಹಣ ಉಳಿಯುವುದೂ ಸೋರುವುದೂ ಸೆಟ್ಟಿಂಗ್ಸ್‌ನಲ್ಲಿ. ಮೊಬೈಲ್ ಡೇಟಾಕ್ಕೆ ಇ-ಸಿಮ್ ಆಯ್ಕೆ ಮಾಡಿ, ಇ-ಸಿಮ್ಮಿಗೆ ಮಾತ್ರ ಡೇಟಾ ರೋಮಿಂಗ್ ಆನ್ ಇರಲಿ, ಊರಿನ ಸಿಮ್ಮಿಗೆ ಆಫ್. ಒಂದು ಸಿಮ್‌ನಲ್ಲಿ ಸಿಗ್ನಲ್ ಇಲ್ಲದಾಗ ಇನ್ನೊಂದರ ಡೇಟಾಕ್ಕೆ ತಾನಾಗಿ ಹಾರುವ ಸೌಲಭ್ಯ ಈಗಿನ ಫೋನುಗಳಲ್ಲಿರುತ್ತದೆ, ಅದನ್ನು ಮರೆಯದೆ ಆಫ್ ಮಾಡಬೇಕು. ಫೋಟೋ ಬ್ಯಾಕಪ್ ಮತ್ತು ಆ್ಯಪ್ ಅಪ್‌ಡೇಟ್ ವೈಫೈನಲ್ಲಿ ಮಾತ್ರ ನಡೆಯಲಿ. ಓಡಾಡುವ ಊರುಗಳ ನಕ್ಷೆಯನ್ನು ಗೂಗಲ್ ಮ್ಯಾಪ್ಸ್‌ನಲ್ಲಿ ಮೊದಲೇ ಇಳಿಸಿಕೊಂಡರೆ ಸಿಗ್ನಲ್ ಇಲ್ಲದ ಕಡೆಯೂ ದಾರಿ ಕಾಣುತ್ತದೆ. ಇಷ್ಟು ಮಾಡಿಕೊಂಡರೆ ನಮ್ಮಿಬ್ಬರಿಗೆ ಹತ್ತು ಜಿಬಿ ಧಾರಾಳವಾಗಿ ಸಾಲುತ್ತದೆ. ಮೊಮ್ಮಗುವಿನ ಜೊತೆ ಊರಿನವರ ವಿಡಿಯೋ ಕರೆಯೆಲ್ಲ ಹೇಗೂ ಮಗನ ಮನೆಯ ವೈಫೈನಲ್ಲಿ.

ಇನ್ನು ಒಟಿಪಿ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು, ಇದು ನನಗೆ ಎಲ್ಲಕ್ಕಿಂತ ಮುಖ್ಯ. ವಿಮಾನ ನಿಲ್ದಾಣದಲ್ಲಿ ಊರಿನ ಸಿಮ್ಮನ್ನು ತೆಗೆದು ಪರ್ಸಿನೊಳಗೆ ಇಟ್ಟುಕೊಳ್ಳುವ ಹಿರಿಯರನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಯುಪಿಐ ಆ್ಯಪ್‌ಗಳು ಸಿಮ್ ಅದೇ ಫೋನಿನಲ್ಲಿರಬೇಕೆಂದು ಬಯಸುತ್ತವೆ, ತೆಗೆದರೆ ಮತ್ತೆ ನೋಂದಣಿ ಕೇಳಬಹುದು. ಕಾರ್ಡಿನಲ್ಲಿ ಏನಾದರೂ ಅನುಮಾನದ ವಹಿವಾಟು ನಡೆದರೆ ಬ್ಯಾಂಕಿನ ಎಚ್ಚರಿಕೆ ಸಂದೇಶವೂ ತಲುಪುವುದಿಲ್ಲ. ಸಿಮ್ಮನ್ನು ಒಳಗೇ ಬಿಡಿ. ಹೊರಡುವ ಮೊದಲು ಅಂತರರಾಷ್ಟ್ರೀಯ ರೋಮಿಂಗ್ ಸೇವೆ ಚಾಲೂ ಆಗಿದೆಯೇ, ರೀಚಾರ್ಜ್ ಅವಧಿ ವಾಪಸು ಬರುವವರೆಗೂ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ನನ್ನ ಸಿಮ್‌ನಲ್ಲಿ ಬರುವ ಎಸ್ಸೆಮ್ಮೆಸ್ಸಿಗೆ ಶುಲ್ಕ ಬಿದ್ದಿಲ್ಲ. ಆದರೆ ಪ್ಯಾಕ್ ಇಲ್ಲದೆ ಬರುವ ಕರೆಯನ್ನು ಎತ್ತಿದರೆ ನಿಮಿಷದ ಲೆಕ್ಕದಲ್ಲಿ ಹಣ ಹೋಗುತ್ತದೆ. ಅದಕ್ಕೇ ಬಂಧುಗಳಿಗೆ ವಾಟ್ಸಾಪ್‌ನಲ್ಲೇ ಕರೆ ಮಾಡಲು ಹೇಳಿದ್ದೇನೆ. ಇಂಟರ್ನೆಟ್ ಯಾವ ಸಿಮ್‌ನಿಂದ ಬಂದರೂ ವಾಟ್ಸಾಪ್ ಹಳೆಯ ಸಂಖ್ಯೆಯಲ್ಲೇ ನಡೆಯುತ್ತದೆ. ಸಂಖ್ಯೆ ಬದಲಿಸಬೇಕೇ ಎಂದು ಅದು ಕೇಳಿದರೆ ಬೇಡ ಎನ್ನಿ.

ಒಟಿಪಿ ಬಾರದೆ ಕಾಯುವ ಪ್ರಸಂಗವೂ ಬರುತ್ತದೆ. ಆಗ ನಾನು ಸೆಟ್ಟಿಂಗ್ಸ್‌ಗೆ ಹೋಗಿ ಊರಿನ ಸಿಮ್ಮಿಗೆ ನೆಟ್‌ವರ್ಕನ್ನು ಕೈಯಾರೆ ಬದಲಿಸುತ್ತೇನೆ. ಜರ್ಮನಿಯಲ್ಲಿ ಮೂರು ದೊಡ್ಡ ನೆಟ್‌ವರ್ಕ್‌ಗಳಿವೆ: ಟೆಲಿಕಾಮ್, ವೊಡಾಫೋನ್, ಓ2. ಒಂದರಲ್ಲಿ ಬಾರದ ಸಂದೇಶ ಇನ್ನೊಂದಕ್ಕೆ ಹೋದ ಕೂಡಲೇ ಬಂದದ್ದಿದೆ. ಅಲ್ಲಿ 2021ರಲ್ಲೇ 3ಜಿ ನಿಲ್ಲಿಸಿದ್ದಾರೆ, ಹಾಗಾಗಿ ಫೋನಿನಲ್ಲಿ 4ಜಿ ಕರೆ ಸೌಲಭ್ಯ ಆನ್ ಇರುವುದು ಒಳ್ಳೆಯದು.

ಇ-ಸಿಮ್ಮಿನ ನಿಜವಾದ ಸುಖ ಗಡಿ ದಾಟುವಾಗ ಗೊತ್ತಾಗುತ್ತದೆ. ಮ್ಯೂನಿಕ್‌ನಿಂದ ರೈಲಿನಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ಗೆ ಹೋದಾಗ ನೆಟ್‌ವರ್ಕಿನ ಹೆಸರು ಬದಲಾಯಿತು, ನಾನೇನೂ ಮಾಡಬೇಕಾಗಲಿಲ್ಲ. ಯುರೋಪಿಯನ್ ಒಕ್ಕೂಟದ ಸಿಮ್ಮುಗಳಿಗೆ ಈ ಸೌಕರ್ಯ ಕಾನೂನಿನಿಂದಲೇ ಬಂದಿದೆ: 2017ರ ಜೂನ್ 15ರಿಂದ ಒಕ್ಕೂಟದೊಳಗೆ ಎಲ್ಲಿ ಹೋದರೂ ತವರಿನ ದರವೇ. ಆದರೆ ಸ್ವಿಟ್ಜರ್ಲೆಂಡ್ ಆ ಕಾನೂನಿನ ಹೊರಗಿದೆ. ಕಾನ್‌ಸ್ಟಾನ್ಸ್ ಸರೋವರದ ದಂಡೆಯಲ್ಲಿರುವ ಜರ್ಮನಿಯ ಕಾನ್‌ಸ್ಟಾನ್ಸ್ ಪಟ್ಟಣಕ್ಕೆ ಸ್ವಿಟ್ಜರ್ಲೆಂಡಿನ ಕ್ರಾಯ್ಟ್ಸ್‌ಲಿಂಗನ್ ಅಂಟಿಕೊಂಡೇ ಇದೆ. ಅಲ್ಲಿ ಕಾಫಿ ಕುಡಿಯುತ್ತ ಕುಳಿತಿದ್ದರೂ ಫೋನು ಆಚೆಯ ದೇಶದ ಗೋಪುರವನ್ನು ಹಿಡಿಯಬಹುದು. ಆದ್ದರಿಂದ 'ಯುರೋಪ್' ಎಂಬ ಹೆಸರನ್ನಷ್ಟೇ ನಂಬಿ ಕೊಳ್ಳಬೇಡಿ. ಪ್ಲಾನ್‌ನ ದೇಶಗಳ ಪಟ್ಟಿಯಲ್ಲಿ ಸ್ವಿಟ್ಜರ್ಲೆಂಡ್ ಇದೆಯೇ, ಬ್ರಿಟನ್ ಇದೆಯೇ ಎಂದು ನೋಡಿ. ಇವೆರಡೂ ಇರುವ ಪ್ಲಾನ್‌ಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಕೊರತೆಗಳಿವೆ. ಅಗ್ಗದ ಪ್ರವಾಸಿ ಇ-ಸಿಮ್ಮುಗಳಲ್ಲಿ ಹೆಚ್ಚಿನವಕ್ಕೆ ಫೋನ್ ಸಂಖ್ಯೆಯೇ ಇರುವುದಿಲ್ಲ, ಬರಿಯ ಡೇಟಾ. ವೈದ್ಯರ ಚಿಕಿತ್ಸಾಲಯದಲ್ಲೋ ಪಾರ್ಸೆಲ್ ತರುವವರಿಗೋ ಅಲ್ಲಿನ ಸಂಖ್ಯೆ ಬೇಕಾದಾಗ ನಾವು ಮಗನದನ್ನೇ ಕೊಡುತ್ತೇವೆ. ನಮ್ಮ ಇಂಟರ್ನೆಟ್ ಹಲವು ಸಲ ಮೂರನೆಯ ದೇಶವೊಂದರ ಮೂಲಕ ಸುತ್ತಿ ಬರುತ್ತದೆ. ಕರೆಯಲ್ಲಿ ಮಾತು ಒಂದು ಕ್ಷಣ ತಡವಾಗಿ ಕೇಳುತ್ತದೆ, ಕೆಲವು ಆ್ಯಪ್‌ಗಳು ನಾವು ಬೇರೆಲ್ಲೋ ಇದ್ದೇವೆಂದು ತಿಳಿದು ಮತ್ತೆ ಲಾಗಿನ್ ಕೇಳುತ್ತವೆ. ಒಂದು ಪ್ರವಾಸದಲ್ಲಿ ಇಳಿದ ದಿನವೇ ಡೇಟಾ ಬರಲಿಲ್ಲ. ಆ ಕಂಪನಿಯ ಸಹಾಯವೆಲ್ಲ ಚಾಟ್‌ನಲ್ಲಿ, ಅದೂ ಇಂಗ್ಲಿಷ್‌ನಲ್ಲಿ, ಮೊದಲ ಉತ್ತರಗಳು ಯಂತ್ರದ್ದು. ಎಪಿಎನ್ ಎಂಬ ಒಂದು ಪದವನ್ನು ಸೆಟ್ಟಿಂಗ್ಸ್‌ನಲ್ಲಿ ತುಂಬಬೇಕಿತ್ತು, ಅಷ್ಟನ್ನು ಹೇಳಲು ಅವರು ಅರ್ಧ ದಿನ ತೆಗೆದುಕೊಂಡರು. ನಾನು ಹೇಗೋ ನಿಭಾಯಿಸಿದೆ. ಮೊದಲ ಸಲ ಒಂಟಿಯಾಗಿ ಮಗಳ ಬಾಣಂತನಕ್ಕೆಂದು ಹೊರಟ ತಾಯಿಯೊಬ್ಬರು ಹೇಗೆ ನಿಭಾಯಿಸಬೇಕು? ಭಾರತದಲ್ಲಿ ಇಷ್ಟು ವ್ಯಾಪಾರ ಮಾಡುವವರು ಕನ್ನಡದಲ್ಲಿ ಒಂದು ಪುಟ ಸೂಚನೆ ಕೊಡಬೇಕು ಎಂದು ಅವರಿಗೆ ಬರೆದಿದ್ದೇನೆ, ಬರೆಯುತ್ತಲೂ ಇರುತ್ತೇನೆ.

ದುಬೈ ಮೂಲಕ ಹೋಗುವವರಿಗೆ ಒಂದು ಮಾತು. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ವಾಟ್ಸಾಪ್ ಸಂದೇಶ ಹೋಗುತ್ತದೆ, ಕರೆಗೆ ಮಾತ್ರ ತಡೆಯಿದೆ. ಕರೆ ಬರಲಿಲ್ಲವೆಂದು ಮನೆಯವರು ಗಾಬರಿಯಾಗದಂತೆ ಮೊದಲೇ ತಿಳಿಸಿಡಿ. ವಿಮಾನದೊಳಗೆ ಫೋನು ಫ್ಲೈಟ್ ಮೋಡ್‌ನಲ್ಲೇ ಇರಲಿ. ಕೆಲವು ವಿಮಾನಗಳಲ್ಲಿಯೂ ದೊಡ್ಡ ಹಡಗುಗಳಲ್ಲಿಯೂ ಉಪಗ್ರಹದ ಮೊಬೈಲ್ ನೆಟ್‌ವರ್ಕ್ ಇರುತ್ತದೆ, ಅದರ ದರ ಸಾಮಾನ್ಯ ರೋಮಿಂಗ್ ದರಕ್ಕಿಂತ ಬಹಳ ಹೆಚ್ಚು.

ಎರಡು ಮೂರು ತಿಂಗಳು ಇರುವವರಿಗೆ ನನ್ನ ಸಲಹೆ ಬೇರೆ: ಅಲ್ಲಿನದೇ ಪ್ರಿಪೇಯ್ಡ್ ಸಿಮ್ ಕೊಳ್ಳಿ. ಜರ್ಮನಿಯಲ್ಲಿ ಆಲ್ಡಿ ಎಂಬ ದಿನಸಿ ಅಂಗಡಿಯಲ್ಲೇ ಆಲ್ಡಿ ಟಾಕ್ ಸಿಮ್ ಸಿಗುತ್ತದೆ. ಅದರ ಪ್ಯಾಕ್‌ಗಳು ನಾಲ್ಕು ವಾರದವು, ಸ್ಥಳೀಯ ಸಂಖ್ಯೆಯೂ ಬರುತ್ತದೆ. 2017ರ ಜುಲೈನಿಂದ ಅಲ್ಲಿ ಪ್ರಿಪೇಯ್ಡ್ ಸಿಮ್ಮಿಗೂ ಗುರುತಿನ ಪರಿಶೀಲನೆ ಕಡ್ಡಾಯ, ಆದ್ದರಿಂದ ಪಾಸ್‌ಪೋರ್ಟ್ ಕೈಯಲ್ಲಿರಲಿ, ಮಕ್ಕಳು ಜೊತೆಗಿದ್ದರೆ ಇನ್ನೂ ಸಲೀಸು. ಇಷ್ಟು ಕಾಲ ಊರಿನ ಪ್ರಿಪೇಯ್ಡ್ ಸಂಖ್ಯೆಯನ್ನು ಬಳಸದೆ ಬಿಡಬೇಡಿ. 90 ದಿನ ಬಳಕೆಯಿಲ್ಲದಿದ್ದರೆ ಕಂಪನಿ ಅದನ್ನು ರದ್ದು ಮಾಡಬಹುದು, ಆಮೇಲೆ ಅದು ಬೇರೆಯವರ ಪಾಲಾದೀತು.

ನನ್ನ ಹೆಂಡತಿಯ ಫೋನಿಗೆ ಇ-ಸಿಮ್ ಸೌಲಭ್ಯವಿಲ್ಲ. ಹೊರಗೆ ಹೋದಾಗ ನನ್ನ ಫೋನಿನ ಹಾಟ್‌ಸ್ಪಾಟ್ ಅವಳಿಗೆ. ಕೆಲವು ಪ್ಲಾನ್‌ಗಳು ಹಾಟ್‌ಸ್ಪಾಟಿಗೆ ಅವಕಾಶ ಕೊಡುವುದಿಲ್ಲ, ಜೋಡಿಯಾಗಿ ಹೋಗುವವರು ಇದನ್ನು ಹಣ ಕಟ್ಟುವ ಮೊದಲೇ ನೋಡಿಕೊಳ್ಳಬೇಕು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಆ ಸಹಾಯ ವಿಭಾಗದ್ದು.